ಮೊಳೆತ ಕಾಳು, ಎಳೆಯ ಸೊಪ್ಪು

ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕುಳಿತಿರುವ ಹೆಸರುಕಾಳು ನೋಡುವ ಕಣ್ಣಿಗೆ ಕಲ್ಲಿನ ಹರಳಿನಂತೆ ನಿರ್ಜೀವವಾಗಿ ಕಾಣುತ್ತದೆ. ಅದಕ್ಕೆ ಒಂದು ರಾತ್ರಿಯ ನೀರು, ಸ್ವಲ್ಪ ಗಾಳಿ, ಹಿತವಾದ ಬಿಸುಪು ದೊರೆತರೆ ಸಾಕು. ಮರುದಿನ ಸಂಜೆಯ ಹೊತ್ತಿಗೆ ಸಿಪ್ಪೆ ಬಿರಿದು ಬಿಳಿಯ ಮೊಳಕೆ ಇಣುಕುತ್ತದೆ. ಈ ಸಣ್ಣ ಬದಲಾವಣೆಯ ಗುಣವನ್ನು ನಮ್ಮ ಹಿರಿಯರು ಬಹು ಹಿಂದೆಯೇ ಅರಿತಿದ್ದರು. ಜೋಳದ ರೊಟ್ಟಿಯ ಜೊತೆಗಿನ ಮಡಕಿಕಾಳಿನ ಉಸಳಿ, ಮುದ್ದೆಯ ಜೊತೆಗಿನ ಮೊಳಕೆ ಹುರುಳಿಯ ಸಾರು, ಹಾಲುಗಲ್ಲದ ಮಗುವಿಗೆ ಉಣಿಸುವ ಮೊಳಕೆ ರಾಗಿಯ ಸರಿ, ಇವೆಲ್ಲ ಆ ಅರಿವಿನಿಂದ ಹುಟ್ಟಿದ ಅಡುಗೆಗಳು.

ಇತ್ತೀಚಿನ ವರ್ಷಗಳಲ್ಲಿ ಇದೇ ಕಾಳು ಇನ್ನೊಂದು ರೂಪದಲ್ಲಿಯೂ ನಮ್ಮೆದುರು ಬಂದಿದೆ. ಮೊಳಕೆಯನ್ನು ಇನ್ನೂ ಒಂದು ವಾರ ಬೆಳೆಯಗೊಟ್ಟು, ಎರಡೆಲೆಯ ಎಳೆಸಸಿಯಾದಾಗ ಕತ್ತರಿಸಿ ತಿನ್ನುವ ‘ಮೈಕ್ರೋಗ್ರೀನ್’ ಎಂಬ ಸೊಪ್ಪನ್ನು ನಗರಗಳ ಅಂಗಡಿಗಳಲ್ಲಿ ಚಿಕ್ಕ ಚಿಕ್ಕ ಪೆಟ್ಟಿಗೆಗಳಲ್ಲಿಟ್ಟು ದುಬಾರಿ ಬೆಲೆಗೆ ಮಾರುತ್ತಿದ್ದಾರೆ. ಮನೆಯ ಕಿಟಕಿಯ ಬಳಿ, ಹಳೆಯ ತಟ್ಟೆಯೊಂದರಲ್ಲಿ, ಹಿಡಿ ಮೆಂತ್ಯದಿಂದ ಯಾರು ಬೇಕಾದರೂ ಬೆಳೆದುಕೊಳ್ಳಬಹುದಾದ ಸೊಪ್ಪು ಇದು. ಮೊಳಕೆಕಾಳು ಮತ್ತು ಎಳೆಸೊಪ್ಪು, ಇವೆರಡರ ನಿಜವಾದ ಪ್ರಯೋಜನವೇನು, ಅವುಗಳನ್ನು ಮನೆಯಲ್ಲಿ ಬೆಳೆಸುವ ಕ್ರಮವೇನು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ಸದ್ಭಕ್ತರೊಡನೆ ವಿಚಾರ ಮಾಡೋಣ.

ನಮ್ಮ ಮನೆಗಳಿಗೆ ಇದೇಕೆ ಮುಖ್ಯ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 65.5. ಎಂದರೆ ಓಣಿಯಲ್ಲಿ ಆಡುತ್ತಿರುವ ಮೂರು ಮಕ್ಕಳಲ್ಲಿ ಇಬ್ಬರ ರಕ್ತದಲ್ಲಿ ಇರಬೇಕಾದಷ್ಟು ಹಿಮೋಗ್ಲೋಬಿನ್ ಇಲ್ಲ. ತಾಯಂದಿರ ದಣಿವು, ಹೆಣ್ಣುಮಕ್ಕಳ ತಲೆಸುತ್ತು, ಮಕ್ಕಳ ಓದಿನಲ್ಲಿನ ನಿರಾಸಕ್ತಿ ಇವುಗಳ ಹಿಂದೆ ಅನೇಕ ವೇಳೆ ಈ ಕೊರತೆಯೇ ಇರುತ್ತದೆ.

ಸಸ್ಯಾಹಾರಿಗಳಾದ ನಮಗೆ ಕಬ್ಬಿಣಾಂಶ ದೊರೆಯುವುದು ಕಾಳು, ಧಾನ್ಯ, ಸೊಪ್ಪುಗಳಿಂದ. ಇವುಗಳಲ್ಲಿ ಕಬ್ಬಿಣಾಂಶವೇನೋ ಇದೆ. ಆದರೆ ಅದು ದೇಹಕ್ಕೆ ಸುಲಭವಾಗಿ ಒದಗುವುದಿಲ್ಲ. ಕಾಳುಗಳ ಸಿಪ್ಪೆ ಮತ್ತು ಒಳಭಾಗದಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತು, ಸುಣ್ಣದಂಶಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಉಂಡದ್ದೆಲ್ಲ ಮೈಗೆ ಹತ್ತುವುದಿಲ್ಲ ಎಂದು ನಾವು ಹೇಳುವ ಮಾತು ಇಲ್ಲಿ ಅಕ್ಷರಶಃ ಸತ್ಯ. ಮೊಳಕೆ ಬರಿಸುವುದರ ಮಹತ್ವ ಇರುವುದೇ ಇಲ್ಲಿ.

ಕಾಳಿನೊಳಗೆ ನಡೆಯುವುದೇನು?

ನೀರು ಕುಡಿದ ಕಾಳು ಎಚ್ಚರಗೊಂಡು, ಮುಂದೆ ಸಸಿಯಾಗಿ ಬೆಳೆಯಲು ತನ್ನ ಒಡಲಿನಲ್ಲಿ ಕೂಡಿಟ್ಟ ಆಹಾರವನ್ನು ಬಿಡಿಸಿಕೊಳ್ಳತೊಡಗುತ್ತದೆ. ಈ ಕೆಲಸಕ್ಕೆ ಹಲವು ಕಿಣ್ವಗಳು ಜಾಗೃತವಾಗುತ್ತವೆ. ಒಂದು ಕಿಣ್ವ ಪಿಷ್ಟವನ್ನು ಒಡೆದು ಸರಳ ಸಕ್ಕರೆಯಾಗಿಸುತ್ತದೆ. ಮೊಳೆತ ರಾಗಿಯ ಗಂಜಿ ಸಕ್ಕರೆ ಹಾಕದೆಯೂ ತುಸು ಸಿಹಿಯಾಗಿರುವುದು ಈ ಕಾರಣಕ್ಕೆ. ಇನ್ನೊಂದು ಕಿಣ್ವ ಪ್ರೋಟೀನನ್ನು ಚಿಕ್ಕ ಘಟಕಗಳಾಗಿ ಬಿಡಿಸುತ್ತದೆ. ಫೈಟೇಸ್ ಎಂಬ ಕಿಣ್ವ ಫೈಟಿಕ್ ಆಮ್ಲವನ್ನು ಒಡೆದು ಬಂಧಿತವಾಗಿದ್ದ ಕಬ್ಬಿಣ ಮತ್ತು ಸತುವನ್ನು ಬಿಡುಗಡೆ ಮಾಡುತ್ತದೆ. ಕಾಳು ತಿಂದಾಗ ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಕೆಲವು ವಿಶಿಷ್ಟ ಸಕ್ಕರೆಗಳೂ ಈ ಹಂತದಲ್ಲಿ ಗಣನೀಯವಾಗಿ ಕಡಿಮೆಯಾಗುತ್ತವೆ. ಕಾಳು ಒಗ್ಗುವುದಿಲ್ಲವೆಂದು ದೂರವಿಟ್ಟ ಹಿರಿಯರು ಮೊಳಕೆಕಾಳನ್ನು ಬೇಯಿಸಿ ಉಂಡು ನೋಡಬಹುದು.

ಇವೆಲ್ಲಕ್ಕಿಂತ ಸೋಜಿಗದ ಸಂಗತಿ ‘ಸಿ’ ಜೀವಸತ್ವದ್ದು. ಒಣಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೊಳೆಯುವಾಗ ಕಾಳು ಅದನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಉದ್ದವಾಗಿ ಮೊಳೆತ 100 ಗ್ರಾಂ ಹಸಿ ಹೆಸರುಕಾಳಿನಲ್ಲಿ ಸುಮಾರು 13 ಮಿಲಿಗ್ರಾಂ ‘ಸಿ’ ಜೀವಸತ್ವ ಇರುತ್ತದೆ. ಸಸ್ಯಮೂಲದ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳಲು ಈ ಜೀವಸತ್ವ ನೆರವಾಗುತ್ತದೆ.

ಇದೇ ಸಂದರ್ಭದಲ್ಲಿ ಉತ್ಪ್ರೇಕ್ಷೆಯನ್ನೂ ದೂರವಿಡಬೇಕು. ಮೊಳಕೆ ಬರಿಸಿದರೆ ಪ್ರೋಟೀನ್ ಹಲವು ಪಟ್ಟು ಹೆಚ್ಚುತ್ತದೆ ಎಂಬ ಮಾತು ಸರಿಯಲ್ಲ. 100 ಗ್ರಾಂ ಒಣ ಹೆಸರಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದ್ದರೆ, ನೀರು ತುಂಬಿ ಉದ್ದವಾಗಿ ಮೊಳೆತ ಅಷ್ಟೇ ತೂಕದ ಕಾಳಿನಲ್ಲಿ ಸುಮಾರು 3 ಗ್ರಾಂ ಮಾತ್ರ ಇರುತ್ತದೆ. ಕಬ್ಬಿಣಾಂಶವೂ ಹೊಸದಾಗಿ ಹುಟ್ಟುವುದಿಲ್ಲ. ಇದ್ದದ್ದು ಹೆಚ್ಚು ಸುಲಭವಾಗಿ ಒದಗುತ್ತದೆ, ಅಷ್ಟೆ. ‘ಬಿ-12’ ಜೀವಸತ್ವ ಮೊಳಕೆಯಲ್ಲಿ ಇಲ್ಲ. ಅದಕ್ಕೆ ಹಾಲು, ಮೊಸರು, ಮಜ್ಜಿಗೆಗಳನ್ನೇ ನಾವು ಆಶ್ರಯಿಸಬೇಕು.

ಯುದ್ಧಭೂಮಿಯಲ್ಲಿ ದೊರೆತ ಸಾಕ್ಷ್ಯ

ಮೊಳಕೆಕಾಳಿನ ಈ ಗುಣ ವಿಜ್ಞಾನಿಗಳ ಗಮನಕ್ಕೆ ಬಂದದ್ದರ ಹಿಂದೆ ಭಾರತೀಯ ಸೈನಿಕರ ನೋವಿನ ಕಥೆಯೂ ಇದೆ. ಮೊದಲನೆಯ ಮಹಾಯುದ್ಧದಲ್ಲಿ, ಇಂದಿನ ಇರಾಕಿನ ಕುಟ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್‌ವರೆಗೆ ಬ್ರಿಟಿಷ್-ಭಾರತೀಯ ಸೇನೆ ಮುತ್ತಿಗೆಗೆ ಸಿಲುಕಿತ್ತು. ತಾಜಾ ತರಕಾರಿ, ಹಣ್ಣು ಇಲ್ಲದೆ ಅಲ್ಲಿನ ಭಾರತೀಯ ಸೈನಿಕರು ‘ಸ್ಕರ್ವಿ’ ರೋಗಕ್ಕೆ ತುತ್ತಾದರು. ಒಸಡಿನಲ್ಲಿ ರಕ್ತ ಒಸರುವ, ಗಾಯ ಮಾಯದ, ಕೀಲುಗಳು ನೋಯುವ ಈ ರೋಗಕ್ಕೆ ‘ಸಿ’ ಜೀವಸತ್ವದ ಕೊರತೆಯೇ ಕಾರಣವೆಂದು ಇಂದು ನಮಗೆ ಗೊತ್ತು.

ಅದೇ ಕಾಲದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ವಿಜ್ಞಾನಿಗಳಾದ ಹ್ಯಾರಿಯೆಟ್ ಚಿಕ್ ಮತ್ತು ಮಾರ್ಗರೆಟ್ ಹ್ಯೂಮ್ ಸೈನಿಕರ ಆಹಾರದ ಬಗ್ಗೆ ಪ್ರಯೋಗ ನಡೆಸುತ್ತಿದ್ದರು. ಒಣಕಾಳು ಸ್ಕರ್ವಿಯನ್ನು ತಡೆಯಲಾರದು, ಅದೇ ಕಾಳು ಮೊಳೆತರೆ ತಡೆಯಬಲ್ಲದು ಎಂಬುದನ್ನು ಅವರು ಕಂಡುಕೊಂಡು, ಹಸಿರು ಕಾಣದ ಯುದ್ಧಭೂಮಿಯಲ್ಲಿ ಸೈನಿಕರಿಗೆ ಮೊಳಕೆಕಾಳು ಕೊಡಬಹುದೆಂದು ಸೂಚಿಸಿದರು. ನಮ್ಮ ಅಜ್ಜಿಯಂದಿರು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ ಕಾಳಿನ ಗಂಟಿನಲ್ಲಿ ಎಂತಹ ಔಷಧವಿತ್ತೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

ಮೊಳಕೆ ಬರಿಸುವ ಕ್ರಮ

ಹೆಸರು, ಮಡಕಿ, ಹುರುಳಿ, ಅಲಸಂದೆ, ಕಡಲೆ, ಮೆಂತ್ಯ ಇವು ಮನೆಬಳಕೆಗೆ ಯೋಗ್ಯವಾದ ಕಾಳುಗಳು. ಇಡಿಯ ಕಾಳು ಬೇಕು. ಒಡೆದ ಬೇಳೆ ಮೊಳೆಯದು. ಹಳೆಯದಾದ, ಹುಳು ಹಿಡಿದ ಕಾಳೂ ಸರಿಯಾಗಿ ಮೊಳೆಯುವುದಿಲ್ಲ.

ಒಂದು ಬಟ್ಟಲು ಕಾಳನ್ನು ಆರಿಸಿ, ಮೂರು ನಾಲ್ಕು ಬಾರಿ ತೊಳೆದು, ಕಾಯಿಸಿ ಆರಿಸಿದ ನೀರಿನಲ್ಲಿ 8ರಿಂದ 10 ಗಂಟೆ ನೆನೆಯಿಡಬೇಕು. ಕಾಳು ಉಬ್ಬುವುದರಿಂದ ನೀರು ಕಾಳಿನ ಮೂರು ಪಟ್ಟಾದರೂ ಇರಲಿ. ತೇಲುವ ಪೊಳ್ಳು ಕಾಳುಗಳನ್ನು ತೆಗೆದುಹಾಕಬೇಕು. ಅನಂತರ ನೀರನ್ನು ಪೂರ್ತಿಯಾಗಿ ಬಸಿದು, ಮತ್ತೊಮ್ಮೆ ತೊಳೆದು, ಕುದಿನೀರಿನಲ್ಲಿ ಅದ್ದಿ ಹಿಂಡಿದ ತೆಳುವಾದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ರಂಧ್ರವಿರುವ ಪಾತ್ರೆಯಲ್ಲಿ ಇಡಬೇಕು. ಮೊಳಕೆ ಕೆಡುವುದು ಬಹುಪಾಲು ನೀರು ನಿಲ್ಲುವುದರಿಂದ. ಕಾಳಿಗೆ ತೇವ ಬೇಕು, ನೀರಿನಲ್ಲಿ ಮುಳುಗಿರುವುದು ಬೇಡ. ಅದಕ್ಕೆ ಉಸಿರಾಡಲು ಗಾಳಿಯೂ ಬೇಕು.

ಬೇಸಿಗೆಯಲ್ಲಿ ಹೆಸರು, ಮಡಕಿಗಳು 12ರಿಂದ 16 ಗಂಟೆಗಳಲ್ಲಿ ಮೊಳೆಯುತ್ತವೆ. ಚಳಿಗಾಲದಲ್ಲಿ ಒಂದು ಒಂದೂವರೆ ದಿನ ಬೇಕಾದೀತು. ಹುರುಳಿ ಮತ್ತು ಕಡಲೆಗೆ ಇನ್ನೂ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಏಪ್ರಿಲ್-ಮೇ ತಿಂಗಳ ಧಗೆಯಲ್ಲಿ ಗಂಟು ಬೇಗ ಹುಳಿವಾಸನೆ ಹಿಡಿಯುವುದರಿಂದ ತಂಪಾದ ಜಾಗದಲ್ಲಿಟ್ಟು, ದಿನಕ್ಕೆ ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆದು ಬಸಿಯಬೇಕು. ಅರ್ಧ ಅಂಗುಲ ಉದ್ದದ ಮೊಳಕೆ ಅಡುಗೆಗೆ ಉತ್ತಮ. ಲೋಳೆಯಾದ, ಬಣ್ಣಗೆಟ್ಟ, ವಾಸನೆ ಬಂದ ಮೊಳಕೆಯನ್ನು ತೊಳೆದು ಬಳಸುವ ಯೋಚನೆ ಬೇಡ. ಗೊಬ್ಬರದ ಗುಂಡಿಗೆ ಹಾಕಿರಿ. ಅನ್ನವನ್ನು ಚೆಲ್ಲಬಾರದೆಂಬ ನಮ್ಮ ನಿಷ್ಠೆ ದೊಡ್ಡದು. ಅದಕ್ಕಾಗಿಯೇ ಮನೆಯವರಿಗೆ ಎರಡು ದಿನಕ್ಕೆ ಬೇಕಾದಷ್ಟನ್ನು ಮಾತ್ರ ನೆನೆಯಿಡುವುದು ಲೇಸು.

ಹಸಿಯಾಗಿ ತಿನ್ನಬೇಕೆ, ಬೇಯಿಸಬೇಕೆ?

ಬೆಳಿಗ್ಗೆ ಎದ್ದು ಹಸಿ ಮೊಳಕೆಕಾಳು ತಿನ್ನುವುದೇ ಆರೋಗ್ಯದ ಗುಟ್ಟೆಂದು ಅನೇಕರು ನಂಬಿದ್ದಾರೆ. ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಮೊಳಕೆಗೆ ಬೇಕಾದ ತೇವ ಮತ್ತು ಬಿಸುಪು ರೋಗಾಣುಗಳಿಗೂ ಅಷ್ಟೇ ಹಿತಕರ. ಹೊಲದಲ್ಲಿ, ಕಣದಲ್ಲಿ, ಗೋದಾಮಿನಲ್ಲಿ ಕಾಳಿಗೆ ಅಂಟಿದ ಕೆಲವೇ ರೋಗಾಣುಗಳು ಮೊಳಕೆಯ ಗಂಟಿನಲ್ಲಿ ಒಂದೆರಡು ದಿನದೊಳಗೆ ಅಗಣಿತವಾಗಿ ಬೆಳೆಯಬಲ್ಲವು. ಕಾಳಿನ ಬಿರುಕುಗಳಲ್ಲಿ ಅವು ಅಡಗಿರುವುದರಿಂದ ತೊಳೆಯುವುದರಿಂದಷ್ಟೇ ಹೋಗುವುದಿಲ್ಲ.

2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯ ಮೂಲಕ ಹರಡಿದ ಇ-ಕೋಲಿ ಸೋಂಕಿನಿಂದ ಸಾವಿರಾರು ಜನ ಅಸ್ವಸ್ಥರಾದರು. 50ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅನೇಕರ ಮೂತ್ರಪಿಂಡಗಳು ಘಾಸಿಗೊಂಡವು. 1996ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಸಾವಿರಾರು ಶಾಲಾಮಕ್ಕಳು ಇಂತಹುದೇ ಸೋಂಕಿಗೆ ಒಳಗಾದಾಗ ಸಂಶಯ ಬಿದ್ದದ್ದು ಮಧ್ಯಾಹ್ನದ ಊಟದಲ್ಲಿ ಬಡಿಸಿದ ಮೂಲಂಗಿಯ ಮೊಳಕೆಯ ಮೇಲೆ. ಸ್ವಚ್ಛತೆಗೆ ಹೆಸರಾದ ದೇಶಗಳಲ್ಲಿಯೇ ಹೀಗಾಗಿದೆಯೆಂದರೆ ನಮ್ಮ ಎಚ್ಚರ ಎಷ್ಟಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಚಿಕ್ಕ ಮಕ್ಕಳು, ಗರ್ಭಿಣಿಯರು, ವಯೋವೃದ್ಧರು, ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹಸಿ ಮೊಳಕೆಯನ್ನು ತಿನ್ನಲೇಬಾರದು. ಉಳಿದವರಿಗೂ ಬೇಯಿಸಿ ತಿನ್ನುವುದೇ ಕ್ಷೇಮ. ಜಾತ್ರೆ, ದಾಸೋಹ, ಶಾಲೆಯ ಊಟದಂತಹ ಸಾಮೂಹಿಕ ಸಂದರ್ಭಗಳಲ್ಲಿ ಮೊಳಕೆಕಾಳನ್ನು ಚೆನ್ನಾಗಿ ಬೇಯಿಸದೆ ಬಡಿಸಕೂಡದು.

ಬೇಯಿಸಿದರೆ ‘ಸಿ’ ಜೀವಸತ್ವ ಹೋಗುವುದಿಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಸ್ವಲ್ಪ ನಷ್ಟವಾಗುತ್ತದೆ. ಆದ್ದರಿಂದ ನೀರಿನಲ್ಲಿ ಬಹಳ ಹೊತ್ತು ಕುದಿಸಿ ನೀರು ಚೆಲ್ಲುವ ಬದಲು, ಕಾಳು ಮೆತ್ತಗಾಗುವವರೆಗೆ ಮಾತ್ರ ಹಬೆಯಲ್ಲಿ ಬೇಯಿಸಬೇಕು. ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆಯ ರಸ ಹಿಂಡಿದರೆ ಕಳೆದುಹೋದ ಜೀವಸತ್ವ ಮರಳಿ ಬಂದಂತಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿಯುವ ಅಭ್ಯಾಸ ಕಬ್ಬಿಣಾಂಶ ಹೀರಿಕೆಗೆ ಅಡ್ಡಿ; ಒಂದೆರಡು ಗಂಟೆ ಅಂತರವಿರಲಿ.

ಮೊಳೆಯಿಸಿ ತಿನ್ನಬಾರದವು

ಕೆಲವು ಕಾಳುಗಳ ವಿಷಯದಲ್ಲಿ ವಿಶೇಷ ಜಾಗರೂಕತೆ ಅವಶ್ಯ. ಎಳೆಯ ಜೋಳದ ಬೆಳೆ ಮೇಯ್ದು ದನಗಳು ಸತ್ತ ಸುದ್ದಿಯನ್ನು ನಮ್ಮ ರೈತಬಂಧುಗಳು ಬಲ್ಲರು. ಜೋಳದ ಎಳೆಸಸಿಯಲ್ಲಿರುವ ಧುರ‍್ರಿನ್ ಎಂಬ ವಸ್ತು ಒಡೆದಾಗ ಸಯನೈಡ್ ವಿಷ ಹೊರಬರುವುದೇ ಅದಕ್ಕೆ ಕಾರಣ. ಆದ್ದರಿಂದ ಜೋಳವನ್ನು ಎಳೆಸೊಪ್ಪಿಗಾಗಿ ಬೆಳೆಯಬಾರದು, ಅದರ ಮೊಳಕೆಯನ್ನೂ ಹಸಿಯಾಗಿ ತಿನ್ನಬಾರದು. ರಾಜ್ಮಾದಂತಹ ದೊಡ್ಡ ಹುರುಳಿಕಾಯಿ ಜಾತಿಯ ಕಾಳುಗಳು ಹಸಿಯಾಗಿ ವಿಷಕಾರಿ. ಮೊಳೆತರೂ ಅವನ್ನು ಪೂರ್ತಿ ಕುದಿಸಿ ಬೇಯಿಸಲೇಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಇವುಗಳ ಎಳೆಸಸಿಗಳೂ ತಿನ್ನಲು ಯೋಗ್ಯವಲ್ಲ.

ಇನ್ನೂ ಮುಖ್ಯವಾದ ಮಾತು: ಬಿತ್ತನೆಗೆಂದು ಮಾರುವ ಬೀಜಗಳಿಗೆ ಶಿಲೀಂಧ್ರನಾಶಕ, ಕೀಟನಾಶಕ ಲೇಪಿಸಿರುತ್ತಾರೆ. ಗುಲಾಬಿ, ಕೆಂಪು, ನೀಲಿ ಬಣ್ಣ ಹಚ್ಚಿದ ಅಂತಹ ಬೀಜವನ್ನು, ಬೀಜೋಪಚಾರ ಮಾಡಿ ಉಳಿದ ಕಾಳನ್ನು ಎಂದಿಗೂ ಅಡುಗೆಮನೆಗೆ ತರಬಾರದು. ತೊಳೆದರೆ ಬಣ್ಣ ಹೋಗಬಹುದು, ವಿಷ ಹೋಗಿದೆಯೆಂದು ನಂಬುವಂತಿಲ್ಲ. ಅಡುಗೆಗೆಂದು ತಂದ ಕಿರಾಣಿ ಕಾಳು ಅಥವಾ ಹೊಲದಿಂದ ಬಂದ ಉಪಚಾರವಿಲ್ಲದ ಕಾಳು ಮಾತ್ರ ಇದಕ್ಕೆ ತಕ್ಕದ್ದು.

ತಟ್ಟೆಯಲ್ಲಿ ಬೆಳೆಯುವ ಎಳೆಸೊಪ್ಪು

ನವರಾತ್ರಿಯಲ್ಲಿ ಘಟದ ಸುತ್ತ ಮಣ್ಣಿನಲ್ಲಿ ಕಾಳು ಹಾಕಿ ಒಂಬತ್ತು ದಿನ ಸಸಿ ಬೆಳೆಸುವ ರೂಢಿಯನ್ನು ನಮ್ಮ ಭಾಗದ ಜನ ಕಂಡವರೇ. ಎಳೆಸೊಪ್ಪು ಬೆಳೆಯುವ ವಿಧಾನ ಅದಕ್ಕಿಂತ ಬೇರೆಯಲ್ಲ. ಮೊಳಕೆಯನ್ನು ಬೇರುಸಮೇತ ತಿನ್ನುತ್ತೇವೆ. ಎಳೆಸೊಪ್ಪನ್ನು ಬೆಳಕಿನಲ್ಲಿ ಬೆಳೆಸಿ, ಬೇರು ಬಿಟ್ಟು ಮೇಲ್ಭಾಗವನ್ನಷ್ಟೇ ಕತ್ತರಿಸುತ್ತೇವೆ. ಇದು ಇವೆರಡರ ನಡುವಿನ ವ್ಯತ್ಯಾಸ.

ಎರಡು ಅಂಗುಲ ಆಳದ, ಕೆಳಗೆ ರಂಧ್ರಗಳಿರುವ ಯಾವುದೇ ತಟ್ಟೆ ಅಥವಾ ಹಳೆಯ ಡಬ್ಬಿ ಸಾಕು. ಅದರಲ್ಲಿ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಹಾಗೂ ಚೆನ್ನಾಗಿ ಕಳಿತ ಎರೆಗೊಬ್ಬರವನ್ನು ಬೆರೆಸಿ ಸಮವಾಗಿ ಹರಡಬೇಕು. ಹಸಿ ಸಗಣಿ ಅಥವಾ ಅರೆಕಳಿತ ತಿಪ್ಪೆಗೊಬ್ಬರ ಬಳಸಬಾರದು, ರೋಗಾಣುಗಳ ಭಯವಿದೆ. ಮೆಂತ್ಯ, ಹೆಸರುಗಳನ್ನು ಎಂಟು ಗಂಟೆ ನೆನೆಸಿ ಬಿತ್ತಬೇಕು. ಸಾಸಿವೆ, ರಾಜಗಿರಿಯಂತಹ ಸಣ್ಣ ಬೀಜಗಳನ್ನು ಹಾಗೆಯೇ ಉದುರಿಸಬಹುದು. ಬೀಜಗಳು ಒತ್ತೊತ್ತಾಗಿ, ಆದರೆ ಒಂದರ ಮೇಲೊಂದು ಬೀಳದಂತೆ ಇರಲಿ. ನೀರು ಚಿಮುಕಿಸಿ, ಎರಡು ಮೂರು ದಿನ ಇನ್ನೊಂದು ತಟ್ಟೆ ಮುಚ್ಚಿಡಬೇಕು. ಮೊಳಕೆ ತಲೆಯೆತ್ತಿದ ಮೇಲೆ ಕಿಟಕಿಯ ಬೆಳಕಿಗೆ ಇಡಬೇಕು. ನಡುಹಗಲಿನ ಉರಿಬಿಸಿಲು ಬೇಡ.

ಬೇರಿನ ಸುತ್ತ ಬಿಳಿಯ ನವಿರಾದ ಎಳೆಗಳು ಕಂಡರೆ ಗಾಬರಿಯಾಗಬೇಕಿಲ್ಲ. ಅವು ಬೇರುರೋಮಗಳು, ನೀರು ಚಿಮುಕಿಸಿದೊಡನೆ ಕಾಣದಂತಾಗುತ್ತವೆ. ನೀರು ಹಾಕಿದರೂ ಹೋಗದೆ ಜೇಡರಬಲೆಯಂತೆ ಹಬ್ಬಿ ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಆ ತಟ್ಟೆಯನ್ನು ಬಿಟ್ಟುಬಿಡಬೇಕು. 7ರಿಂದ 12 ದಿನಗಳಲ್ಲಿ ಎರಡು ಮೂರು ಅಂಗುಲ ಬೆಳೆದ ಸಸಿಗಳನ್ನು ಸ್ವಚ್ಛವಾದ ಕತ್ತರಿಯಿಂದ ಮಣ್ಣಿಗಿಂತ ತುಸು ಮೇಲೆ ಕತ್ತರಿಸಿ, ತೊಳೆದು ಅಂದೇ ಬಳಸಬೇಕು. ಮೂರು ದಿನಕ್ಕೊಂದು ತಟ್ಟೆ ಬಿತ್ತುತ್ತ ಹೋದರೆ ಮನೆಯಲ್ಲಿ ಸದಾ ಹಸಿರು ಇರುತ್ತದೆ.

2012ರಲ್ಲಿ ಅಮೆರಿಕದಲ್ಲಿ 25 ಬಗೆಯ ಎಳೆಸೊಪ್ಪುಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಅನೇಕವು ಬಲಿತ ಸೊಪ್ಪಿಗಿಂತ ಹೆಚ್ಚಿನ ಜೀವಸತ್ವಗಳನ್ನು ಹೊಂದಿದ್ದುದು ಕಂಡುಬಂದಿತು. ಆದರೆ ನಾವು ಎಳೆಸೊಪ್ಪನ್ನು ಉಣ್ಣುವುದು ಒಂದು ಚಿಟಿಕೆ, ಹೆಚ್ಚೆಂದರೆ ಒಂದು ಹಿಡಿ. ಆದ್ದರಿಂದ ಹೊಲದ ಮೆಂತ್ಯ, ಸಬ್ಬಸಿಗೆ, ನುಗ್ಗೆ, ರಾಜಗಿರಿ ಸೊಪ್ಪುಗಳ ಪಲ್ಯವನ್ನು ಬಿಟ್ಟು ಇದನ್ನು ಹಿಡಿಯುವುದಲ್ಲ. ಅದರ ಜೊತೆಗೆ ಇದೂ ಇರಲಿ.

ಅಡುಗೆಗೆ ಬಳಸುವ ಬಗೆ

ಮಡಕಿಕಾಳಿನ ಉಸಳಿ: ಎರಡು ಬಟ್ಟಲು ಮೊಳಕೆಕಾಳನ್ನು ಹಬೆಯಲ್ಲಿ ಮೆತ್ತಗೆ ಬೇಯಿಸಬೇಕು. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಅರಿಸಿನ, ಉಪ್ಪು, ಬೆಂದ ಕಾಳು ಸೇರಿಸಿ ಐದು ನಿಮಿಷ ಬಾಡಿಸಬೇಕು. ಇಳಿಸಿದ ಮೇಲೆ ನಿಂಬೆರಸ, ಕೊತ್ತಂಬರಿ, ಹಸಿಕೊಬ್ಬರಿ ತುರಿ ಬೆರೆಸಬೇಕು. ಬಿಸಿ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆ ಅಪರೂಪ.

ಮೊಳಕೆ ರಾಗಿ ಹಿಟ್ಟು: ರಾಗಿಯನ್ನು ತೊಳೆದು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದರಿಂದ ಎರಡು ದಿನ ಮೊಳೆಯಿಸಬೇಕು. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಕೈಯಿಂದ ಉಜ್ಜಿ ಬೇರುಗಳನ್ನು ತೂರಿ, ಹದವಾಗಿ ಹುರಿದು ಹಿಟ್ಟು ಮಾಡಿಸಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಈ ಹಿಟ್ಟಿನಿಂದ ಮಾಡಿದ ಸರಿ ಸಾದಾ ಹಿಟ್ಟಿನ ಸರಿಯಷ್ಟು ಗಟ್ಟಿಯಾಗುವುದಿಲ್ಲ. ಮಗುವಿನ ಪುಟ್ಟ ಹೊಟ್ಟೆಗೆ ನೀರು ಕಡಿಮೆ, ಹಿಟ್ಟು ಹೆಚ್ಚು ಇರುವ ಆಹಾರವನ್ನು ನುಂಗಲು ಸುಲಭವಾಗುವಂತೆ ಉಣಿಸಲು ಇದರಿಂದ ಸಾಧ್ಯ. ಆರು ತಿಂಗಳು ತುಂಬಿದ ಮಕ್ಕಳಿಗೆ ಚೆನ್ನಾಗಿ ಕುದಿಸಿ ಕೊಡಬೇಕು.

ಎಳೆಮೆಂತ್ಯದ ಪಚಡಿ: ಒಂದು ಹಿಡಿ ಎಳೆಮೆಂತ್ಯವನ್ನು ಶುದ್ಧ ನೀರಿನಲ್ಲಿ ತೊಳೆದು, ಹೆಚ್ಚಿದ ಸೌತೆಕಾಯಿ, ಶೇಂಗಾಪುಡಿ, ಉಪ್ಪು, ಮೊಸರಿನೊಡನೆ ಕಲಸಬೇಕು. ಹಸಿಯದನ್ನು ಬಿಡಬೇಕಾದವರು ಇದೇ ಸೊಪ್ಪನ್ನು ಬೇಳೆಯಲ್ಲಿ ಹಾಕಿ ಒಂದು ಕುದಿ ಬರಿಸಿಕೊಳ್ಳಬಹುದು, ಥಾಲಿಪಟ್ಟಿನ ಹಿಟ್ಟಿಗೆ ಬೆರೆಸಬಹುದು.

ಕೊನೆಯ ಮಾತು

ಆಹಾರವು ಔಷಧಕ್ಕೆ ನೆರವಾಗುತ್ತದೆ, ಅದರ ಬದಲಿಯಾಗುವುದಿಲ್ಲ. ರಕ್ತಹೀನತೆ ಇರುವವರು ವೈದ್ಯರು ಅಥವಾ ಆಶಾ ಕಾರ್ಯಕರ್ತೆಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ನಿಲ್ಲಿಸದೆ ಮೊಳಕೆಕಾಳನ್ನೂ ಊಟದಲ್ಲಿ ಸೇರಿಸಿಕೊಳ್ಳಲಿ. ಮೂತ್ರಪಿಂಡದ ಕಾಯಿಲೆ ಇರುವವರು ಕಾಳಿನ ಪ್ರಮಾಣವನ್ನೂ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ಸೊಪ್ಪಿನ ಪ್ರಮಾಣವನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಲಿ.

ಇದಕ್ಕೆ ಬೇಕಾದದ್ದು ಒಂದು ಬಟ್ಟಲು ಕಾಳು, ಒಂದು ತುಂಡು ಬಟ್ಟೆ, ದಿನಕ್ಕೆ ಹತ್ತು ನಿಮಿಷದ ನಿಗಾ. ಈ ಚಿಕ್ಕ ಕಾಯಕವನ್ನು ಮನೆಯ ಮಕ್ಕಳ ಕೈಗೆ ಒಪ್ಪಿಸಿದರೆ ಇನ್ನೂ ಚೆನ್ನ. ತಾವೇ ನೆನೆಸಿ, ತೊಳೆದು, ಮೊಳಕೆ ಬಂದುದನ್ನು ಕಂಡ ಮಕ್ಕಳು ಅದನ್ನು ತಟ್ಟೆಯಲ್ಲಿ ಬಿಡುವುದಿಲ್ಲ. ಊಟಕ್ಕೆ ಕುಳಿತಾಗ ತಾಯಿಗೆ ಕೊನೆಯಲ್ಲಿ ಉಳಿದದ್ದಲ್ಲ, ಮೊದಲೇ ತೆಗೆದಿಟ್ಟ ಒಂದು ಬಟ್ಟಲು ಉಸಳಿ ದೊರೆಯುವಂತೆ ಮನೆಯವರೆಲ್ಲ ನೋಡಿಕೊಳ್ಳಲಿ. ವಾರಕ್ಕೆ ಮೂರು ದಿನವಾದರೂ ಪ್ರತಿ ಮನೆಯಲ್ಲಿ ಮೊಳೆತ ಕಾಳಿನ ಅಡುಗೆ ಆಗಲಿ ಎಂಬುದು ನಮ್ಮ ಹಾರೈಕೆ.